ಎತ್ತು ಹೂತಲ್ಲಿ ಜೋಳ ಕಡುಹಸಿರು, ಯಾಕೆ?

ಪ್ರಶ್ನೆ: ನಮ್ಮ ಎರೆ ಹೊಲದ ಬದುವಿನ ಪಕ್ಕ ಎರಡು ವರ್ಷದ ಹಿಂದೆ ಸತ್ತ ಎತ್ತನ್ನು ಹೂತಿದ್ದೆವು. ಮೊದಲ ವರ್ಷ ಅಲ್ಲಿ ಹುಲ್ಲೂ ಹುಟ್ಟಲಿಲ್ಲ. ಈ ಹಿಂಗಾರಿಗೆ ಅಲ್ಲಷ್ಟೇ ಜೋಳ ಕಡುಹಸಿರಾಗಿ ಎದ್ದಿದೆ. ಕದ್ದು ಹೂತ ಹೆಣವನ್ನೂ ಪೊಲೀಸರು ಹೀಗೇ ಪತ್ತೆ ಹಚ್ಚುತ್ತಾರಾ?
– ಓದುಗರು, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ಮೊದಲು ಸುಟ್ಟಿದ್ದೂ ಆಮೇಲೆ ಬೆಳೆಸಿದ್ದೂ ಮುಖ್ಯವಾಗಿ ಒಂದೇ ಸಾರಜನಕ. 70 ಕೆ.ಜಿ. ತೂಕದ ಮನುಷ್ಯನ ದೇಹದಲ್ಲಿ ಅದು ಸುಮಾರು 1.8 ಕೆ.ಜಿ. ಇರುತ್ತದೆ, 4 ಕೆ.ಜಿ. ಯೂರಿಯಾದಲ್ಲಿರುವಷ್ಟು. ಎತ್ತಿನದು ಇದರ ಐದಾರು ಪಟ್ಟು. ಒಂದು ಕುಣಿಯಷ್ಟು ಜಾಗಕ್ಕೆ ಇಷ್ಟು ಇಳಿದರೆ ಯಾವ ಬೇರೂ ತಾಳದು. ಕೊಳೆತ ರಸದಲ್ಲಿ ಅಮೋನಿಯಂ ವಿಪರೀತ, ಉಪ್ಪಿನಂಶವೂ ಹೆಚ್ಚು. ಮಣ್ಣೊಳಗಿನ ಆಮ್ಲಜನಕವನ್ನು ಸೂಕ್ಷ್ಮಜೀವಿಗಳೇ ಮುಗಿಸಿರುತ್ತವೆ. ರಸ ಇಂಗಿ ಗಾಳಿ ಮತ್ತೆ ಆಡತೊಡಗಿದಾಗ ಬೇರೆ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ನಿಮ್ಮ ಜೋಳ ಉಣ್ಣುತ್ತಿರುವುದು ಅದನ್ನೇ.

ತನಿಖೆಗೆ ಇದು ಎಲ್ಲಿ ಅಗೆಯಬೇಕೆಂಬ ಸುಳಿವು, ಅಷ್ಟೇ. ತಿಪ್ಪೆಗೊಬ್ಬರ ಗುಡ್ಡೆ ಹಾಕಿದ ಜಾಗವೂ ಹೀಗೇ ಕಾಣುತ್ತದೆ; ಬೇರಿಗೆ ಎಟುಕದಷ್ಟು ಆಳದಲ್ಲಿ ಹೂತಿದ್ದರೆ ಬೆಳೆಯಲ್ಲಿ ಏನೂ ತೋರದಿರಬಹುದು. ಎರೆಯಲ್ಲಿ ಇದಕ್ಕಿಂತ ಗಟ್ಟಿ ಗುರುತೆಂದರೆ ಕೆಳಗಿನ ಸುಣ್ಣದ ಹರಳು ಮೇಲೆ ಬಂದಿರುವುದು ಮತ್ತು ಮುಚ್ಚಿದ ಮಣ್ಣು ಮಳೆಗೆ ಕುಸಿದು ತಗ್ಗು ಬಿದ್ದಿರುವುದು.

ಬೀದರಿನ ಜಂಬಿಟ್ಟಿಗೆ ಮಣ್ಣಿನ ಲೆಕ್ಕ ಬೇರೆ. ಅದು ಹುಳಿ ಮಣ್ಣು. ಅಮೋನಿಯಂ ಸೇರಿದಾಗ ರಸಸಾರ (pH) ಏರಿದ್ದು ಎದ್ದು ಕಾಣುತ್ತದೆ. ಆದರೆ ಅದೇ ಹುಳಿಗೆ ಎಲುಬು ಬೇಗ ಕರಗುತ್ತದೆ. ಎರೆಯ ರಸಸಾರ ಮೊದಲೇ 8ರ ಆಸುಪಾಸು ಇರುವುದರಿಂದ ಅಲ್ಲಿ ರಂಜಕ, ಅಮೋನಿಯಂ, ವಿದ್ಯುತ್ ವಾಹಕತೆ ನೋಡಬೇಕು. ಬೇಸಿಗೆಯಲ್ಲಿ ಎರೆ ಬಿರಿದು ಮೇಲಿನ ಮಣ್ಣು ಒಳಗೆ ಬೀಳುವುದರಿಂದ, ಯಾವ ವಸ್ತು ಎಷ್ಟು ಆಳದಲ್ಲಿ ಸಿಕ್ಕಿತು ಎಂಬುದನ್ನಷ್ಟೇ ನಂಬಿ ಹೂತ ಕಾಲ ಹೇಳುವುದು ತಪ್ಪು.

ಎಲ್ಲಿಯಾದರೂ ಅನುಮಾನ ಬಂದರೆ ದಯವಿಟ್ಟು ಗುದ್ದಲಿ ಹಾಕಬೇಡಿ, ಠಾಣೆಗೆ ತಿಳಿಸಿ. ಪದರ ಒಮ್ಮೆ ಕಲೆತರೆ ಮತ್ತೆ ಬಿಡಿಸಲಾಗದು. ಹೂತ ಹೆಣ ತೆಗೆಸುವ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಮಿನಂತೆ ಮ್ಯಾಜಿಸ್ಟ್ರೇಟರದು. ಆಗ ಹೆಣದ ಮೇಲಿನ, ಕೆಳಗಿನ, ಅಕ್ಕಪಕ್ಕದ ಮಣ್ಣನ್ನು ಸುಮಾರು 500 ಗ್ರಾಂನಂತೆ ಬೇರೆಬೇರೆ ಗಾಜಿನ ಭರಣಿಗೆ ತುಂಬಬೇಕು, ಪ್ರತಿ ಸಲವೂ ಕರಣೆ ತೊಳೆಯಬೇಕು. ರಸಸಾರಕ್ಕೆ ನೆರಳಲ್ಲಿ ಒಣಗಿಸಿದ 10 ಗ್ರಾಂ ಮಣ್ಣು, 25 ಮಿ.ಲೀ. ಭಟ್ಟಿ ಇಳಿಸಿದ ನೀರು ಸಾಕು. ಅಮೋನಿಯಂ ಪರೀಕ್ಷೆಯ ಮಣ್ಣನ್ನು ಮಾತ್ರ ಒಣಗಿಸದೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಕಲಬುರಗಿಯ ಬಿಸಿಲಿಗೆ ಪ್ಲಾಸ್ಟಿಕ್ ಚೀಲದಲ್ಲಿ ಬಿಟ್ಟರೆ ಸೂಕ್ಷ್ಮಜೀವಿಗಳು ಅಂಕಿಯನ್ನೇ ಬದಲಿಸಿಬಿಡುತ್ತವೆ.

ಇಷ್ಟೆಲ್ಲ ಮಾಡಿಯೂ ಹಲವರು ಮರೆಯುವುದು ಅದೇ ಹೊಲದ, ಕುಣಿಯಿಂದ ದೂರದ, ಅಗೆಯದ ಜಾಗದ ಮಣ್ಣನ್ನು. ಹೆಣದಲ್ಲಿ ಶಂಖಪಾಷಾಣದ (ಆರ್ಸೆನಿಕ್) ವಿಷ ಸಿಕ್ಕರೆ, ಅದು ಹೊರಗಿನ ಮಣ್ಣಿಂದ ನೀರಿನ ಜೊತೆ ಇಳಿದದ್ದೋ ಅಲ್ಲವೋ ಎಂದು ಹೋಲಿಸಲು ಆ ಭರಣಿಯೇ ಬೇಕು.