ನದಿ ಬಿಟ್ಟುಹೋದ ತಿರುವು

ಪ್ರಶ್ನೆ: ಬಿಹಾರದ ಕಾಬರ್ ತಾಲ್ ಸರೋವರವು ನದಿಯ ಹಳೆಯ ತಿರುವಿನಿಂದ ಉಂಟಾದದ್ದೆಂದು ಓದಿದೆ. ಹರಿಯುವ ನದಿ ತನ್ನ ತಿರುವನ್ನೇ ತೊರೆಯುವುದು ಹೇಗೆ? ಹಾಗೆ ಉಳಿದ ನೀರು ಬತ್ತಿಹೋಗುವುದಿಲ್ಲವೇ? ಅದಕ್ಕೆ ರಕ್ಷಣೆ ಏಕೆ ಬೇಕು?

ಉತ್ತರ: ಬೇಗೂಸರಾಯ್ ಜಿಲ್ಲೆಯಲ್ಲಿರುವ ಈ ಸರೋವರ ಬೂಢಿ ಗಂಡಕ್ ನದಿಯ ಹಳೆಯ ಬಾಗು. (ಬೂಢಿ ಎಂದರೆ ಮುದುಕಿ, ದಾರಿ ಬದಲಿಸುವ ನದಿಗಳ ನಾಡಿನಲ್ಲಿ ಇದು ಒಪ್ಪುವ ಹೆಸರು.) ಇಳಿಜಾರು ತೀರ ಕಡಿಮೆಯಿರುವ ಬಯಲಿನಲ್ಲಿ ನದಿ ಬಳುಕುತ್ತ ಹರಿಯುತ್ತದೆ. ತಿರುವಿನ ಹೊರದಂಡೆಗೆ ನೀರು ರಭಸದಿಂದ ಬಡಿದು ಮಣ್ಣನ್ನು ಕೊರೆಯುತ್ತದೆ; ಒಳದಂಡೆಯಲ್ಲಿ ವೇಗ ತಗ್ಗುವುದರಿಂದ ಮರಳು ಬಂದು ನಿಲ್ಲುತ್ತದೆ. ಹೀಗೆ ಬಾಗು ಮತ್ತಷ್ಟು ಬಾಗಿ, ಅದರ ಎರಡು ತುದಿಗಳ ನಡುವೆ ಕಿರಿದಾದ ನೆಲದ ಪಟ್ಟಿಯೊಂದೇ ಉಳಿದಾಗ, ದೊಡ್ಡ ನೆರೆಯೊಂದು ಅದನ್ನು ಸೀಳಿಕೊಂಡು ನೇರದಾರಿ ಹಿಡಿಯುತ್ತದೆ. ಹಳೆಯ ಬಾಗಿನ ಎರಡೂ ಬಾಯಿಗಳಿಗೆ ಹೂಳು ಕಟ್ಟಿಕೊಂಡರೆ, ಭೂಗೋಳದ ಪಾಠದಲ್ಲಿ ಓದಿದ ಕುದುರೆಲಾಳಾಕಾರದ ಸರೋವರ ಸಿದ್ಧ.

ಮೂರರಲ್ಲಿ ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ನದಿ ಬಿಟ್ಟುಹೋದರೂ ನೆರೆಯ ನಂಟು ಕಡಿದುಹೋಗಿಲ್ಲ. ಮಳೆಗಾಲದಲ್ಲಿ ಸುತ್ತಲಿನ ಬಯಲಿನ ನೀರು ಇಲ್ಲಿ ಸೇರಿ ಸುಮಾರು 1.5 ಮೀಟರ್ ಆಳಕ್ಕೆ, ಎಂದರೆ ಆಳೊಬ್ಬನ ಭುಜದ ಮಟ್ಟಕ್ಕೆ, ತುಂಬಿಕೊಳ್ಳುತ್ತದೆ. ನೆರೆನೀರನ್ನು ಹೀಗೆ ಹಿಡಿದಿಡುವುದರಿಂದ, ನೆರೆಗೆ ಸದಾ ಈಡಾಗುವ ಆ ಸೀಮೆಯ ಊರುಗಳಿಗೆ ಇದು ದೊಡ್ಡ ಆಸರೆ. ಮಳೆ ನಿಂತ ಮೇಲೆ ನೀರು ಮೆಲ್ಲನೆ ಹಿಂಜರಿದು, ಅಂಚುಗಳು ಜೌಗಾಗಿ, ಆಮೇಲೆ ಒಣಗುತ್ತವೆ. ಜೊಂಡಿನ ಬುಡದ ಆ ತೆಳುನೀರಿನಲ್ಲಿ ಮೀನಿನ ಮರಿಗಳು ಬಲಿಯುತ್ತವೆ, ಅದೇ ಕೆಸರಿನಲ್ಲಿ ಚಳಿಗಾಲದ ವಲಸೆ ಹಕ್ಕಿಗಳು ಮೇವು ಹುಡುಕುತ್ತವೆ. ಆದ್ದರಿಂದ ಅಂಚು ಒಣಗಿದ್ದನ್ನು ನೋಡಿ ಸರೋವರ ಸತ್ತಿತೆಂದು ಎಣಿಸಬಾರದು.

2020ರಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿತು. ಬಿಹಾರದಿಂದ ಆ ಪಟ್ಟಿಗೆ ಸೇರಿದ ಮೊದಲ ಜೌಗುನೆಲ ಇದು, ವಿಸ್ತೀರ್ಣ 2,620 ಹೆಕ್ಟೇರ್. ಇಲ್ಲಿ 221 ಜಾತಿಯ ಹಕ್ಕಿಗಳು ದಾಖಲಾಗಿವೆ; ಅಳಿವಿನ ಅಂಚಿನಲ್ಲಿರುವ ಬೇರ್ ಪೋಚಾರ್ಡ್ ಬಾತು ಮತ್ತು ಕೆಂಪುತಲೆಯ ರಣಹದ್ದು ಅವುಗಳಲ್ಲಿ ಸೇರಿವೆ.

ಆದರೆ ಗಡಿಕಲ್ಲು ನೆಟ್ಟರೆ ಮಾತ್ರ ರಕ್ಷಣೆಯಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನೀರನ್ನು ಬಸಿದು ಹರಿಸುವುದು, ಮೇಲೆತ್ತುವುದು, ಅಣೆ ಕಟ್ಟುವುದು, ಕಾಲುವೆ ತೋಡುವುದು ಇವೇ ಇದಕ್ಕಿರುವ ಮುಖ್ಯ ಅಪಾಯಗಳು. ಹೂಳು ತುಂಬಿ ಇಂಥ ಸರೋವರ ತಾನಾಗಿ ನೆಲವಾಗುವುದಕ್ಕೆ ಬಹುಕಾಲ ಬೇಕು, ಒಂದು ಬಸಿಗಾಲುವೆ ಅದೇ ಕೆಲಸವನ್ನು ಕೆಲವೇ ವರ್ಷಗಳಲ್ಲಿ ಮುಗಿಸಬಲ್ಲದು. ಹಾಗಾಗಿ ಮೊದಲು ಕಾಯಬೇಕಾದದ್ದು ಮಳೆಗಾಲದ ನೀರು ಒಳಬರುವ ದಾರಿಯನ್ನು, ಮತ್ತು ಅದು ತನ್ನ ಹೊತ್ತಿಗೆ ಮುಂಚೆ ಹೊರಹೋಗದಂತೆ.