ಇಸ್ಪೀಟು ಕಟ್ಟನ್ನು ಒಲೆಗೆ ಹಾಕಬೇಕಾ?

"ಮಗ ಗೆಳೆಯನ ಮನೆಯಿಂದ ಒಂದು ಇಸ್ಪೀಟು ಕಟ್ಟು ತಂದಿದ್ದಾನೆ. ಇದು ಮನೆಹಾಳು ಆಟ, ಒಲೆಗೆ ಹಾಕು ಅಂತ ಅತ್ತೆ ಪಟ್ಟು ಹಿಡಿದಿದ್ದಾರೆ. ಜೂಜು ಬಿಟ್ಟರೆ ಇದರಿಂದ ಏನಾದರೂ ಉಪಯೋಗ ಇದೆಯಾ?" ಅಂತ ಓದುಗರೊಬ್ಬರು ಕೇಳಿದ್ದಾರೆ.

ಸಂಪಾದಕರ ಉತ್ತರ:

ಖಂಡಿತ ಇದೆ ಮೇಡಂ, ಒಲೆಗೆ ಹಾಕಬೇಡಿ. ಅತ್ತೆಯವರ ಭಯ ಸುಳ್ಳಲ್ಲ. ಎಲೆಯಾಟದಲ್ಲಿ ಹೊಲ, ಒಡವೆ ಕಳೆದುಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಅವರನ್ನು ಮುಳುಗಿಸಿದ್ದು ಪಣಕ್ಕಿಟ್ಟ ದುಡ್ಡು.

ನಮ್ಮ ಮೈಸೂರನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಎಲೆಯಾಟ ಅಂದರೆ ಎಷ್ಟು ಪ್ರೀತಿ ಅಂದರೆ, ತಮ್ಮ ಶ್ರೀತತ್ತ್ವನಿಧಿ ಅನ್ನೋ ಗ್ರಂಥದ ಕೌತುಕನಿಧಿ ಭಾಗದಲ್ಲಿ ಅದಕ್ಕೂ ಜಾಗ ಕೊಟ್ಟರು, ಅದರಲ್ಲಿ 36 ಎಲೆಯ ಆಟವೂ ಇದೆ, 360 ಎಲೆಯ ಆಟವೂ ಇದೆ! ಎಲೆಗಳ ಮೇಲೆ ದೇವತೆಗಳ ಚಿತ್ರ. ಇದಕ್ಕೆ ಗಂಜೀಫಾ ಅಂತ ಹೆಸರು. ನನಗೆ ತುಂಬ ಇಷ್ಟವಾದದ್ದು ದಶಾವತಾರ ಗಂಜೀಫಾ. ದುಂಡನೆಯ 120 ಎಲೆ, ಒಂದೊಂದು ಅವತಾರಕ್ಕೆ 12. ರಾಜ, ಮಂತ್ರಿ, ಆಮೇಲೆ 1ರಿಂದ 10. ಐದು ಅವತಾರಗಳಲ್ಲಿ 10 ದೊಡ್ಡದು, ಉಳಿದ ಐದರಲ್ಲಿ ತಿರುಗಾಮುರುಗಾ, 1 ದೊಡ್ಡದು. ಹಗಲಲ್ಲಿ ರಾಮನ ರಾಜ ಇದ್ದವರು ಆಟ ಶುರು ಮಾಡಬೇಕು, ರಾತ್ರಿಯಾದರೆ ಕೃಷ್ಣನ ರಾಜ ಇದ್ದವರು. ಯಾವ ಎಲೆ ಬಿತ್ತು, ಯಾವುದು ಇನ್ನೂ ಉಳಿದಿದೆ ಅಂತ ನೆನಪಿಟ್ಟುಕೊಳ್ಳದೆ ಇದರಲ್ಲಿ ಗೆಲ್ಲೋದು ಕಷ್ಟ. ಇದನ್ನು ಅತ್ತೆಯವರಿಗೆ ಹೇಳಿ, ಅವರನ್ನೂ ಆಟಕ್ಕೆ ಕೂರಿಸಿಕೊಳ್ಳಿ.

ಮಗನಿಗೆ ಲೆಕ್ಕ ಕಲಿಸೋಕೂ ಈ ಕಟ್ಟು ಸಾಕು. ಎಕ್ಕ 1, ಗುಲಾಮ 11, ರಾಣಿ 12, ರಾಜ 13 ಅಂತಿಟ್ಟುಕೊಂಡು 52 ಎಲೆ ಕೂಡಿಸೋಕೆ ಹೇಳಿ. 364 ಬರುತ್ತೆ. ಒಂದು ಜೋಕರ್ ಸೇರಿಸಿದರೆ ವರ್ಷದ ದಿನಗಳಷ್ಟು! ಋಣಸಂಖ್ಯೆ ತಲೆಗೆ ಹೋಗ್ತಿಲ್ಲ ಅಂದರೆ ಕೆಂಪು ಎಲೆ ಸಾಲ, ಕಪ್ಪು ಎಲೆ ಉಳಿತಾಯ ಅಂತ ಮಾಡಿ, ಐದೈದು ಎಲೆ ಹಂಚಿ, ಯಾರ ಕೈಲಿ ಎಷ್ಟು ಉಳಿಯಿತು ಅಂತ ಕೇಳಿ. ಪುಟ್ಟ ಮಕ್ಕಳಿದ್ದರೆ ಎಲೆಗಳನ್ನು ಬೋರಲು ಹಾಕಿ ಜೋಡಿ ಹುಡುಕಿಸಿ.

ನನಗೆ ನಿಜವಾಗಿ ಭಯ ಇರುವುದು ಫೋನಿನ ರಮ್ಮಿಯದು. ಅಲ್ಲಿ ಎದುರಿಗೆ ಯಾರಿದ್ದಾರೋ ಕಾಣಿಸೋದಿಲ್ಲ, ಸಾಕು ಏಳು ಅನ್ನೋರೂ ಇಲ್ಲ, ದುಡ್ಡು ಹೋಗಿದ್ದೂ ಮನೆಯವರಿಗೆ ಗೊತ್ತಾಗೋದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಆದರೂ ಮನೆಯ ಫೋನುಗಳನ್ನು ಒಮ್ಮೆ ನೋಡಿ. ದುಡ್ಡು ಹಾಕಿ ಅಂತ ಕೇಳುವ ಆಪ್ ಇದ್ದರೆ ಮೊದಲು ಅದನ್ನು ತೆಗೆಯಿರಿ.