ರುಮಟಾಯ್ಡ್ ಆರ್ಥ್ರೈಟಿಸ್ ಇದ್ದವರಿಗೆ ಮನಸ್ಸೂ ಕುಗ್ಗುವುದೇಕೆ?

ಬರೀ ನೋವಿನ ಬೇಸರ ಅಲ್ಲ ಅದು. ದೇಹದ ರೋಗನಿರೋಧಕ ಶಕ್ತಿ ನಮ್ಮದೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಆಗ ಜಾಸ್ತಿಯಾಗುವ ಸೈಟೋಕೈನ್‌ಗಳ (ಉರಿಯೂತ ಹೆಚ್ಚಿಸುವ, ದೇಹದ್ದೇ ರಾಸಾಯನಿಕಗಳು) ಬಿಸಿ ಮಿದುಳಿಗೂ ತಟ್ಟುತ್ತದೆ. ಸುಸ್ತು, ಮಂಕು ಅಲ್ಲಿಂದಲೂ ಬರುತ್ತವೆ. ಈ ಕಾಯಿಲೆಗೆ ಕೊಡುವ ಸ್ಟೀರಾಯ್ಡ್ ಮಾತ್ರೆಯೂ ಕೆಲವರ ನಿದ್ದೆ, ಮೂಡ್ ಕೆಡಿಸುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ, ಅಪಾಯ. ಡಾಕ್ಟರಿಗೆ ಹೇಳಿ.

ನಮ್ಮ ಅತ್ತಿಗೆಗೆ ಬೆಳಗ್ಗೆ ಕಾಫಿ ಫಿಲ್ಟರ್ ಬಿಡಿಸಲೂ ಆಗುವುದಿಲ್ಲ, ಬೆರಳು ಅಷ್ಟು ಬಿಗಿದಿರುತ್ತವೆ. ಹತ್ತು ಗಂಟೆಗೆ ಮೆಜೆಸ್ಟಿಕ್ ಬಸ್ಸಿನಲ್ಲಿ ಸಿಕ್ಕವರು ಮಾತ್ರ ‘ಚೆನ್ನಾಗೇ ಇದ್ದೀರಲ್ಲ’ ಅನ್ನುತ್ತಾರೆ. ನೋವಿಗಿಂತ ಈ ಮಾತೇ ಜಾಸ್ತಿ ಚುಚ್ಚುತ್ತದಂತೆ.

ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ ನಿಮ್ಹಾನ್ಸ್‌ನಲ್ಲಿ ತೋರಿಸಿ. ಟ್ರಾಫಿಕ್‌ನಲ್ಲಿ ಅಷ್ಟು ದೂರ ಕಷ್ಟ ಅಲ್ವಾ? 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ. ಕನ್ನಡದಲ್ಲೇ ಮಾತಾಡಬಹುದು.